ಕುಡಿತ ಮೊದಲೋ, ಸ್ವಭಾವ ಮೊದಲೋ?

ಮದ್ಯವ್ಯಸನದ ಚಿಕಿತ್ಸೆಗೆಂದು ಆಸ್ಪತ್ರೆಗೆ ಬರುವ ಕುಟುಂಬಗಳ ಬಾಯಲ್ಲಿ ಎರಡು ಮಾತುಗಳು ಪದೇ ಪದೇ ಕೇಳಿಬರುತ್ತವೆ. ‘ಕುಡಿಯದಿದ್ದರೆ ಇವರಂಥ ಒಳ್ಳೆಯ ಮನುಷ್ಯ ಇನ್ನೊಬ್ಬರಿಲ್ಲ’ ಎಂದು ಹೆಂಡತಿ ಹೇಳುತ್ತಾಳೆ. ‘ಅವನ ಗುಣವೇ ಅಂಥದ್ದು, ಚಿಕ್ಕಂದಿನಿಂದ ನೋಡಿದ್ದೇವೆ’ ಎಂದು ಜೊತೆಗೆ ಬಂದ ಅಣ್ಣ ಹೇಳುತ್ತಾನೆ. ಒಬ್ಬನೇ ಮನುಷ್ಯನ ಬಗ್ಗೆ, ಒಂದೇ ಬೆಂಚಿನ ಮೇಲೆ ಕುಳಿತವರು ಆಡುವ ಮಾತುಗಳಿವು. ಹೆಂಡತಿಯ ಲೆಕ್ಕದಲ್ಲಿ ಕುಡಿತವು ಗುಣವನ್ನು ಕೆಡಿಸಿದೆ. ಅಣ್ಣನ ಲೆಕ್ಕದಲ್ಲಿ ಕೆಟ್ಟ ಗುಣವೇ ಕುಡಿತಕ್ಕೆ ಎಳೆದಿದೆ. ಮೂರನೆಯ ಸಾಧ್ಯತೆಯೊಂದು ಇಬ್ಬರ ಕಣ್ಣಿಗೂ ಬಿದ್ದಿರುವುದಿಲ್ಲ. ಆ ಮನುಷ್ಯನಿಗೆ ವರ್ಷಗಟ್ಟಲೆ ಯಾರೂ ಗುರುತಿಸದ ಖಿನ್ನತೆಯೋ ಆತಂಕದ ಕಾಯಿಲೆಯೋ ಇದ್ದು, ಅದಕ್ಕೆ ಅವನು ತಾನಾಗಿ ಕಂಡುಕೊಂಡ ಮದ್ದು ಮದ್ಯವೇ ಆಗಿರಬಹುದು.

ಈ ಮೂರರಲ್ಲಿ ಯಾವುದು ನಿಜ ಎಂಬುದು ಜಗಲಿಕಟ್ಟೆಯ ಚರ್ಚೆಗೆ ಬಿಟ್ಟ ವಿಷಯವಲ್ಲ. ಯಾವ ಮಾತ್ರೆ ಕೊಡಬೇಕು, ಯಾವ ಬಗೆಯ ಆಪ್ತಸಮಾಲೋಚನೆ ಬೇಕು, ಎಷ್ಟು ದಿನ ಕಾಯಬೇಕು, ಆತ್ಮಹತ್ಯೆಯ ಅಪಾಯ ಎಷ್ಟಿದೆ ಎಂಬುದೆಲ್ಲ ಅದರ ಮೇಲೆ ನಿಂತಿದೆ. ಆದರೂ ನಮ್ಮಲ್ಲಿ ಈ ಪ್ರಶ್ನೆ ಕೇಳುವವರು ಕಡಿಮೆ. ‘ಕುಡುಕ’ ಎಂಬ ಹಣೆಪಟ್ಟಿ ಬಿದ್ದ ಮೇಲೆ ಅವನ ಮನಸ್ಸಿನೊಳಗೆ ಇನ್ನೇನಿರಬಹುದು ಎಂದು ಯೋಚಿಸುವ ಗೋಜಿಗೆ ಮನೆಯವರು ಹೋಗುವುದಿಲ್ಲ, ಎಷ್ಟೋ ಸಲ ವೈದ್ಯರೂ ಹೋಗುವುದಿಲ್ಲ.

ಸಮಸ್ಯೆ ಸಣ್ಣದೇನಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದೊಳಗಿನ ಸುಮಾರು 16 ಕೋಟಿ ಭಾರತೀಯರು ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 2.9 ಕೋಟಿ ಮಂದಿ ಮದ್ಯಕ್ಕೆ ಅವಲಂಬಿತರು, ಅಂದರೆ ಬಿಡಬೇಕೆಂದರೂ ಬಿಡಲಾಗದ ಹಂತ ತಲುಪಿದವರು. ಈ ಅವಲಂಬಿತರಲ್ಲಿ 38 ಮಂದಿಗೆ ಒಬ್ಬರು ಮಾತ್ರ ಯಾವುದಾದರೂ ಒಂದು ಬಗೆಯ ಚಿಕಿತ್ಸೆ ಪಡೆದಿದ್ದರು. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಮದ್ಯಸಂಬಂಧಿ ಕಾಯಿಲೆ ಇರುವವರಲ್ಲಿ ಶೇ 86ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆಂದು ಹೇಳಿತ್ತು. ಹೇಗೋ ಚಿಕಿತ್ಸೆಯ ಬಾಗಿಲವರೆಗೆ ಬಂದ ಆ ಒಬ್ಬನನ್ನಾದರೂ ನಾವು ಸರಿಯಾಗಿ ನೋಡುತ್ತಿದ್ದೇವೆಯೇ ಎಂಬುದು ನನ್ನ ಪ್ರಶ್ನೆ.

ವ್ಯಸನವನ್ನು ಗುಣದೋಷವೆಂದು ಕಂಡವರು ಹಳ್ಳಿಯ ಹಿರಿಯರು ಮಾತ್ರವಲ್ಲ. ಅಮೆರಿಕದ ಮನೋವೈದ್ಯರ ಸಂಘ 1952ರಲ್ಲಿ ಹೊರತಂದ ಮೊದಲ ರೋಗಪಟ್ಟಿಯಲ್ಲಿ ವ್ಯಸನವನ್ನು ಸಮಾಜವಿರೋಧಿ ಸ್ವಭಾವದ ಜೊತೆಗೆ, ವ್ಯಕ್ತಿತ್ವದ ದೋಷಗಳ ಸಾಲಿನಲ್ಲಿ ಸೇರಿಸಿದ್ದರು. ಅದು ತನ್ನದೇ ಆದ ಪ್ರತ್ಯೇಕ ಕಾಯಿಲೆಯ ಸ್ಥಾನ ಪಡೆದದ್ದು 1980ರ ಮೂರನೆಯ ಆವೃತ್ತಿಯಲ್ಲಿ. ಅಷ್ಟರಲ್ಲಿ ‘ಕುಡುಕನ ವ್ಯಕ್ತಿತ್ವ’ ಎಂಬುದೊಂದು ಇದ್ದೇ ಇದೆ ಎಂದು ಹಲವಾರು ದಶಕಗಳ ಕಾಲ ಹುಡುಕಾಟ ನಡೆದಿತ್ತು. ಅದು ಸಿಗಲಿಲ್ಲ. ಹಾರ್ವರ್ಡಿನ ಮನೋವೈದ್ಯ ಜಾರ್ಜ್ ವೈಲಂಟ್ ಅವರ ಕೆಲಸ ಇಲ್ಲಿ ಮುಖ್ಯವಾದದ್ದು. ಕುಡಿತಕ್ಕೆ ಬಿದ್ದವರನ್ನು ಕರೆದು ಅವರ ಹಿಂದಿನ ಬದುಕನ್ನು ಕೇಳುವುದು ಅದುವರೆಗಿನ ಪದ್ಧತಿಯಾಗಿತ್ತು. ವೈಲಂಟ್ ಅವರ ಕೈಯಲ್ಲಿದ್ದದ್ದು ಬೇರೆಯೇ ಬಗೆಯ ದಾಖಲೆ: ಹುಡುಗರಾಗಿದ್ದಾಗಿನಿಂದ, ಕುಡಿತ ಆರಂಭವಾಗುವ ಮೊದಲಿನಿಂದಲೇ, ದಶಕಗಳ ಕಾಲ ಹಿಂಬಾಲಿಸಿದ ಆರುನೂರಕ್ಕೂ ಹೆಚ್ಚು ಗಂಡಸರ ಜೀವನ. ಮುಂದೆ ವ್ಯಸನಿಗಳಾದವರು ಮೊದಲಿಗೆ ಉಳಿದವರಿಗಿಂತ ಹೆಚ್ಚು ದುಃಖಿಗಳೋ ಪರಾವಲಂಬಿಗಳೋ ಆಗಿರಲಿಲ್ಲವೆಂದು ಅವರು ಕಂಡರು. ನಡುವಯಸ್ಸಿನಲ್ಲಿ ಕಾಣುವ ಅಳುಬುರುಕುತನ, ಸಿಟ್ಟು, ಇನ್ನೊಬ್ಬರ ಮೇಲೆ ತಪ್ಪು ಹೊರಿಸುವ ಚಾಳಿ ಇವೆಲ್ಲ ಬಹುಮಟ್ಟಿಗೆ ಕುಡಿತದ ಫಲವೆಂಬ ತೀರ್ಮಾನಕ್ಕೆ ಬಂದರು. ಹೆಂಡತಿಯ ಮಾತಿಗೆ ಅಲ್ಲಿ ಬಲ ಸಿಕ್ಕಿತು.

ಆದರೆ ಅಣ್ಣನ ಮಾತನ್ನೂ ತಳ್ಳಿಹಾಕುವಂತಿಲ್ಲ. ಎಲ್ಲರಿಗೂ ಹೊಂದುವ ಒಂದು ಅಚ್ಚು ಇಲ್ಲವೆಂದ ಮಾತ್ರಕ್ಕೆ ಸ್ವಭಾವಕ್ಕೂ ಕುಡಿತಕ್ಕೂ ಸಂಬಂಧವೇ ಇಲ್ಲವೆಂದು ಅರ್ಥವಲ್ಲ. ಮದ್ಯಾವಲಂಬಿತರ ಗುಂಪನ್ನು ಉಳಿದವರ ಜೊತೆ ಹೋಲಿಸಿದ ಅಧ್ಯಯನಗಳಲ್ಲಿ ಎರಡು ಅಂಶಗಳು ಹೆಚ್ಚುಕಡಿಮೆ ಎಲ್ಲೆಡೆ ಕಾಣುತ್ತವೆ. ಸಣ್ಣದಕ್ಕೂ ಕೊರಗುವ, ಬೇಗ ಕಳವಳಗೊಳ್ಳುವ ಒಲವು ಅವರಲ್ಲಿ ಜಾಸ್ತಿ. ಯೋಜನೆ ಹಾಕಿಕೊಂಡು ನಡೆಯುವ, ಹಿಡಿದ ಕೆಲಸಕ್ಕೆ ಅಂಟಿಕೊಳ್ಳುವ ಗುಣ ಕಡಿಮೆ. ಅಮೆರಿಕದ ರಾಬರ್ಟ್ ಕ್ಲೋನಿಂಜರ್ ಸ್ವೀಡನ್ನಿನಲ್ಲಿ ದತ್ತು ಹೋದ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 1980ರ ದಶಕದಲ್ಲಿ ಎರಡು ಬಗೆಯ ವ್ಯಸನಿಗಳನ್ನು ಗುರುತಿಸಿದರು. ಮೊದಲ ಬಗೆಯವರಲ್ಲಿ ಸಮಸ್ಯೆ ಸಾಮಾನ್ಯವಾಗಿ 25 ದಾಟಿದ ಮೇಲೆ ಶುರುವಾಗುತ್ತದೆ. ಅವರು ಅಳುಕಿನ ಜನ, ಕುಡಿದದ್ದಕ್ಕೆ ಪಶ್ಚಾತ್ತಾಪಪಡುವವರು. ಎರಡನೆಯ ಬಗೆಯವರು ಹದಿಹರೆಯದಲ್ಲೇ ಶುರುಮಾಡುತ್ತಾರೆ. ಇವರು ಬಹುಪಾಲು ಗಂಡಸರು, ದುಡುಕಿನವರು, ಜಗಳ–ಪೊಲೀಸು ಎಂದು ಸಿಕ್ಕಿಬೀಳುವವರು, ತಂದೆಯ ಕಡೆಯಿಂದ ಕುಡಿತದ ಹಿನ್ನೆಲೆ ಇರುವವರು. ನಿಜ ಜೀವನದಲ್ಲಿ ಬಹಳ ಜನ ಈ ಎರಡರ ನಡುವೆ ಎಲ್ಲೋ ಬರುತ್ತಾರೆ. ಆದ್ದರಿಂದ ಈ ವಿಂಗಡಣೆಯನ್ನು ಅಕ್ಷರಶಃ ಹಿಡಿಯಬೇಕಿಲ್ಲ. ಆದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆದ ಸಂಶೋಧನೆಗಳೂ ಎಳೆಯ ವಯಸ್ಸಿನಲ್ಲಿ ಶುರುವಾಗುವ ವ್ಯಸನಕ್ಕೂ ಬಾಲ್ಯದ ಅತಿಚಟುವಟಿಕೆ, ಗಮನದ ಕೊರತೆ, ಹಟಮಾರಿ ನಡವಳಿಕೆಗೂ ಗಟ್ಟಿಯಾದ ನಂಟು ಇರುವುದನ್ನು ತೋರಿಸಿವೆ. ತರಗತಿಯಲ್ಲಿ ಒಂದು ಕಡೆ ಕೂರಲಾಗದೆ, ಮೇಷ್ಟ್ರಿಂದ ಏಟು ತಿಂದು, ಎಂಟನೆಯ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜ್ ಸೇರಿದ ಹುಡುಗನನ್ನು ನೆನೆಸಿಕೊಳ್ಳಿ. ಅವನಿಗಿದ್ದದ್ದು ಚಿಕಿತ್ಸೆಗೆ ಬಗ್ಗುವ ಒಂದು ತೊಂದರೆ. ಅದನ್ನು ಎಲ್ಲರೂ ಪೋಲಿತನ ಎಂದು ಕರೆದರು.

ಸ್ವಭಾವವು ಕುಡಿತಕ್ಕೆ ದಾರಿ ಮಾಡಿಕೊಡುವ ಬಗೆ ಒಬ್ಬೊಬ್ಬರಲ್ಲಿ ಒಂದೊಂದು. ಕೆನಡಾದ ಪೆಟ್ರೀಷಿಯಾ ಕಾನ್ರಾಡ್ ಮತ್ತು ಸಹೋದ್ಯೋಗಿಗಳು ಇದನ್ನು ನಾಲ್ಕು ಒಲವುಗಳಾಗಿ ನೋಡುತ್ತಾರೆ, ಮತ್ತು ಈ ವಿಷಯದಲ್ಲಿ ನಾನು ಓದಿದ್ದರಲ್ಲೆಲ್ಲ ಹೆಚ್ಚು ಉಪಯೋಗಕ್ಕೆ ಬರುವ ವಿವರಣೆ ಇದೇ ಎಂದು ನನಗನ್ನಿಸುತ್ತದೆ. ‘ನನ್ನ ಬದುಕಿನಲ್ಲಿ ಇನ್ನೇನೂ ಸರಿಹೋಗುವುದಿಲ್ಲ’ ಎಂಬ ಹತಾಶೆಯವನು ನೋವು ಮರೆಯಲು ಕುಡಿಯುತ್ತಾನೆ. ಅವನು ಹೆಚ್ಚಾಗಿ ಒಬ್ಬನೇ, ರಾತ್ರಿ, ಮನೆಯ ಮಾಳಿಗೆಯ ಮೇಲೆ ಕುಡಿಯುವವನು. ಎದೆ ಡವಡವ ಎಂದರೆ, ಅಂಗೈ ಬೆವೆತರೆ ಗಾಬರಿಯಾಗುವವನು ಆ ಗಾಬರಿಯನ್ನು ಅಡಗಿಸಲು ಕುಡಿಯುತ್ತಾನೆ. ನಾಲ್ಕು ಜನರ ಮುಂದೆ ಮಾತನಾಡಬೇಕಾದಾಗ, ಸಾಲ ಕೊಟ್ಟವನ ಮನೆ ಬಾಗಿಲಿಗೆ ಹೋಗಬೇಕಾದಾಗ ಅವನಿಗೆ ಮೊದಲು ಒಂದು ಕ್ವಾರ್ಟರ್ ಬೇಕು. ದುಡುಕು ಸ್ವಭಾವದವನಿಗೆ ವಿಶೇಷ ಕಾರಣವೇ ಬೇಕಿಲ್ಲ. ಶನಿವಾರದ ಬಟವಾಡೆ ಕೈಗೆ ಬಂತು, ದಾರಿಯಲ್ಲಿ ಅಂಗಡಿ ಕಂಡಿತು, ಅಷ್ಟೇ. ನಾಲ್ಕನೆಯವನು ರೋಮಾಂಚನಕ್ಕಾಗಿ ಹಂಬಲಿಸುವವನು. ಗೆಳೆಯರ ಜೊತೆ, ಪಂದ್ಯ ಕಟ್ಟಿ, ಎಲ್ಲರಿಗಿಂತ ಹೆಚ್ಚು ಕುಡಿದು ಬೈಕ್ ಹತ್ತುವವನು. ಈ ನಾಲ್ವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ‘ಕುಡಿತದಿಂದ ಲಿವರ್ ಹಾಳಾಗುತ್ತದೆ’ ಎಂದು ಒಂದೇ ಉಪನ್ಯಾಸ ಕೊಟ್ಟರೆ ನಾಲ್ವರಿಗೂ ತಾಗುವುದಿಲ್ಲ. ಲಂಡನ್ನಿನ ಶಾಲೆಗಳಲ್ಲಿ ಮಕ್ಕಳ ಈ ಒಲವುಗಳನ್ನು ಮೊದಲೇ ಗುರುತಿಸಿ, ಆಯಾ ಒಲವಿಗೆ ತಕ್ಕಂತೆ ತಲಾ 90 ನಿಮಿಷಗಳ ಎರಡೇ ಎರಡು ಗುಂಪು ತರಬೇತಿ ನೀಡಿದಾಗ, ಮುಂದಿನ ಎರಡು ವರ್ಷಗಳಲ್ಲಿ ಅವರ ಕುಡಿತ ಕಡಿಮೆಯಾದದ್ದು 2013ರಲ್ಲಿ ವರದಿಯಾಯಿತು. ಆ ತರಬೇತಿಯಲ್ಲಿ ಮದ್ಯದ ಕೆಡುಕಿನ ಬಗ್ಗೆ ಬೋಧನೆಗಿಂತ ಹೆಚ್ಚಾಗಿ, ತನ್ನ ಸ್ವಭಾವವನ್ನು ತಾನು ನಿಭಾಯಿಸುವುದು ಹೇಗೆ ಎಂಬ ಅಭ್ಯಾಸವಿತ್ತು.

ಇದಿಷ್ಟು ಕುಡಿತಕ್ಕೆ ಮೊದಲಿನ ಕಥೆ. ವರ್ಷಗಟ್ಟಲೆ ಕುಡಿದ ಮೇಲೆ ಮಿದುಳಿನಲ್ಲಿ ಆಗುವುದು ಬೇರೆ. ಮದ್ಯ ನರಗಳನ್ನು ತಣಿಸುತ್ತದೆ. ದಿನವೂ ಹೊರಗಿನಿಂದ ತಣಿಸುವ ವಸ್ತು ಬರುತ್ತಿದ್ದರೆ ಮಿದುಳು ತನ್ನದೇ ತಣಿಸುವ ವ್ಯವಸ್ಥೆಯನ್ನು ತಗ್ಗಿಸಿ, ಕೆರಳಿಸುವ ವ್ಯವಸ್ಥೆಯನ್ನು ಏರಿಸಿಕೊಳ್ಳುತ್ತದೆ. ಆಗ ಮದ್ಯ ಇಳಿದೊಡನೆ ಕೆರಳಿಕೆಯೊಂದೇ ಉಳಿಯುತ್ತದೆ. ಬೆಳಗ್ಗೆ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ತುಳುಕುತ್ತದೆ. ಬೆವರು, ನಿದ್ದೆಗೇಡು, ಯಾರೋ ಕರೆದಂತಾಗಿ ಬೆಚ್ಚಿಬೀಳುವುದು, ಮಕ್ಕಳ ಗಲಾಟೆಗೂ ಉರಿದುಬೀಳುವುದು. ತೊಂಬತ್ತು ಮಿಲಿಲೀಟರಿನ ಒಂದು ಪ್ಯಾಕೆಟ್ ಒಳಗೆ ಹೋದ ಮೇಲೆ ಕೈ ನಿಲ್ಲುತ್ತದೆ, ಮುಖದಲ್ಲಿ ನಗು ಬರುತ್ತದೆ. ಇದನ್ನು ನೋಡಿದ ಮನೆಯವರಿಗೆ ‘ಕುಡಿದರೇ ಸರಿಯಿರುತ್ತಾನೆ’ ಎನ್ನಿಸಿದರೆ ಆಶ್ಚರ್ಯವಿಲ್ಲ. ಆ ಸಿಡುಕು ಅವನ ಹುಟ್ಟುಗುಣವಲ್ಲ, ಮದ್ಯ ಇಳಿಯುತ್ತಿರುವುದರ ಲಕ್ಷಣ.

ಮಿದುಳಿನ ಮುಂಭಾಗ, ಅಂದರೆ ಹಿಂದುಮುಂದು ಯೋಚಿಸಿ ತಡೆದುಕೊಳ್ಳುವ ಕೆಲಸ ಮಾಡುವ ಭಾಗ, ದೀರ್ಘಕಾಲದ ಕುಡಿತದಿಂದ ಸೊರಗುತ್ತದೆ. ಮೊದಲು ಸಮಾಧಾನಿಯಾಗಿದ್ದವನೂ ದುಡುಕುವುದು ಇದರಿಂದ. ಹೆಂಡತಿಯ ಮೇಲೆ ಆಧಾರವಿಲ್ಲದ ಅನುಮಾನ ಬೆಳೆಯುವುದು ದೀರ್ಘ ವ್ಯಸನದ ಒಂದು ಗುರುತಾದ ತೊಡಕು. ಅದು ಹೊಡೆತ–ಬಡಿತಕ್ಕೆ, ಕೊಲೆಗೂ ತಿರುಗಬಲ್ಲದು. ಅಂಥ ಮನೆಯಲ್ಲಿ ರೋಗನಿರ್ಣಯದ ಚರ್ಚೆಗಿಂತ ಮೊದಲು ಹೆಂಡತಿ ಮಕ್ಕಳ ಸುರಕ್ಷತೆಯನ್ನು ನೋಡಬೇಕು. ಕಾಯಿಲೆ ಎಂಬುದು ಹಿಂಸೆಗೆ ರಿಯಾಯಿತಿ ಅಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಊಟ ಬಿಟ್ಟು ಕುಡಿಯುವವರಲ್ಲಿ ಥಯಮಿನ್ ಎಂಬ ಬಿ1 ಜೀವಸತ್ವ ತೀರಾ ಕುಸಿದು ನೆನಪಿನ ಶಕ್ತಿಗೆ ಪೆಟ್ಟು ಬೀಳುವುದುಂಟು. ನೆನಪು ಖಾಲಿಯಾದ ಜಾಗವನ್ನು ಮಿದುಳು ತಾನೇ ಕಟ್ಟಿದ ಕಥೆಯಿಂದ ತುಂಬುತ್ತದೆ. ‘ನಿನ್ನೆ ಎಲ್ಲಿದ್ದೆ?’ ಎಂದರೆ ‘ತಂಗಿಯ ಮನೆಗೆ ಹೋಗಿದ್ದೆ’ ಎನ್ನುತ್ತಾನೆ. ನಿನ್ನೆ ಇಡೀ ದಿನ ಅವನು ಇದೇ ವಾರ್ಡಿನಲ್ಲಿ ಮಲಗಿದ್ದ. ಮನೆಯವರಿಗೆ ಅದು ಇನ್ನೊಂದು ಹಸಿ ಸುಳ್ಳು. ಅವನಿಗೆ ತಾನು ಸುಳ್ಳು ಹೇಳುತ್ತಿದ್ದೇನೆಂಬ ಅರಿವೇ ಇರುವುದಿಲ್ಲ. ಆರಂಭದಲ್ಲೇ ಥಯಮಿನ್ ಚುಚ್ಚುಮದ್ದು ಕೊಟ್ಟರೆ ತಪ್ಪಿಸಬಹುದಾದ ಹಾನಿ ಇದು, ಮತ್ತು ಆ ಚುಚ್ಚುಮದ್ದು ದುಬಾರಿಯದೇನಲ್ಲ.

ಈಗ ಮೂರನೆಯ ಸಾಧ್ಯತೆಗೆ ಬರೋಣ. ಖಿನ್ನತೆ ಮತ್ತು ಮದ್ಯವ್ಯಸನಗಳಲ್ಲಿ ಒಂದು ಇದ್ದರೆ ಇನ್ನೊಂದು ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ಚಿಕಿತ್ಸೆಗೆ ಬಂದ ದಿನ ವ್ಯಸನಿಯ ಮುಖ ನೋಡಿದರೆ ಖಿನ್ನತೆ ಇಲ್ಲವೆಂದು ಹೇಳುವುದು ಕಷ್ಟ. ನಿದ್ದೆಯಿಲ್ಲ, ಹಸಿವಿಲ್ಲ, ಸಾಯಬೇಕೆನಿಸುತ್ತದೆ ಎನ್ನುತ್ತಾನೆ. ಇದು ಕುಡಿತ ತಂದದ್ದೋ, ಮೊದಲೇ ಇದ್ದದ್ದೋ? ಅಮೆರಿಕದ ಸಾಂಡ್ರಾ ಬ್ರೌನ್ ಮತ್ತು ಮಾರ್ಕ್ ಶುಕಿಟ್ 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ದಾರಿ ತೋರಿಸಿತು. ದಾಖಲಾದ ಗಂಡಸರಲ್ಲಿ ಶೇ 42ರಷ್ಟು ಮಂದಿಗೆ ಮೊದಲ ವಾರ ಗಣನೀಯ ಖಿನ್ನತೆಯ ಲಕ್ಷಣಗಳಿದ್ದವು. ಮದ್ಯ ಮುಟ್ಟದೆ ನಾಲ್ಕು ವಾರ ಕಳೆದ ಮೇಲೆ ಅದು ಶೇ 6ಕ್ಕೆ ಇಳಿಯಿತು. ಹೆಚ್ಚಿನವರಿಗೆ ಬೇಕಾಗಿದ್ದದ್ದು ಮದ್ಯವಿಲ್ಲದ ನಾಲ್ಕು ವಾರ. ಆದರೆ ಉಳಿದ ಆ ಕೆಲವರಿಗೆ ಖಿನ್ನತೆ ಸ್ವತಂತ್ರ ಕಾಯಿಲೆ. ಅದಕ್ಕೆ ಚಿಕಿತ್ಸೆ ಸಿಗದಿದ್ದರೆ ಅವರು ಐದನೆಯ ವಾರ ಮತ್ತೆ ಅಂಗಡಿಯ ಮುಂದೆ ನಿಂತಿರುತ್ತಾರೆ. ಅಷ್ಟಾದ ಮೇಲೆ ನಾವು ‘ನಾಯಿ ಬಾಲ ಡೊಂಕು’ ಎಂದು ಗಾದೆ ಹೇಳುತ್ತೇವೆ.

ನಾಲ್ಕು ವಾರ ಕಾಯುವುದೆಂದರೆ ಆತ್ಮಹತ್ಯೆಯ ಮಾತನ್ನು ಕಡೆಗಣಿಸುವುದಲ್ಲ. ಕುಡಿತ ತಂದ ಖಿನ್ನತೆಯೂ ಜೀವ ತೆಗೆಯುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರಲ್ಲಿ ದಾಖಲಿಸಿದ 1.7 ಲಕ್ಷಕ್ಕೂ ಹೆಚ್ಚು ಆತ್ಮಹತ್ಯೆಗಳಲ್ಲಿ ಶೇ 6.8ಕ್ಕೆ ಮದ್ಯ ಮತ್ತು ಮಾದಕವಸ್ತು ವ್ಯಸನವನ್ನೇ ಕಾರಣವೆಂದು ತೋರಿಸಿದೆ. ಸಾಯುವ ಮಾತಾಡಿದವರ ಬಗ್ಗೆ ‘ಕುಡಿದ ಬಾಯಲ್ಲಿ ಹೇಳಿದ್ದು’ ಎಂದು ಸುಮ್ಮನಾಗಬಾರದು. ಟೆಲಿ ಮನಸ್ ಸಹಾಯವಾಣಿ 14416 ಕನ್ನಡದಲ್ಲೂ ದಿನದ 24 ಗಂಟೆ ಸಿಗುತ್ತದೆ, ವ್ಯಸನಮುಕ್ತಿಯ ಸಹಾಯವಾಣಿ 14446.

ಯಾವುದು ಮೊದಲು ಎಂದು ತಿಳಿಯಲು ದೊಡ್ಡ ಯಂತ್ರಗಳೇನೂ ಬೇಕಿಲ್ಲ. ಒಳ್ಳೆಯ ಮನೋವೈದ್ಯರು ಮಾಡುವ ಕೆಲಸ ಸರಳ: ಒಂದು ಹಾಳೆ ತೆಗೆದುಕೊಂಡು ಉದ್ದಕ್ಕೆ ಒಂದು ಗೆರೆ ಎಳೆಯುತ್ತಾರೆ. ಎಡತುದಿಯಲ್ಲಿ ಹತ್ತು ವರ್ಷ, ಬಲತುದಿಯಲ್ಲಿ ಇಂದಿನ ವಯಸ್ಸು. ವರ್ಷ ಇಸವಿಗಳು ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ನೆನಪಿರುವ ಗುರುತುಗಳನ್ನು ಮೊದಲು ಹಾಕುತ್ತಾರೆ: ಎಸ್ಸೆಸ್ಸೆಲ್ಸಿ ಫೇಲಾದದ್ದು, ಅಪ್ಪ ತೀರಿಕೊಂಡದ್ದು, ಮದುವೆ, ಮೊದಲ ಮಗು, ಕೊಳವೆಬಾವಿ ಬತ್ತಿದ ಬೇಸಿಗೆ. ಗೆರೆಯ ಮೇಲ್ಭಾಗದಲ್ಲಿ ಕುಡಿತ: ಮೊದಲ ಬಿಯರ್ ಯಾವಾಗ, ವಾರಕ್ಕೊಮ್ಮೆ ಆದದ್ದು ಯಾವಾಗ, ಬೆಳಗಿನ ಹೊತ್ತೇ ಬೇಕಾದದ್ದು ಯಾವಾಗ. ಕೆಳಭಾಗದಲ್ಲಿ ಮನಸ್ಸು: ಜನರೆದುರು ಹೋಗಲು ಹೆದರಿಕೆ ಯಾವಾಗಿನಿಂದ, ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿ ಇಲ್ಲದೆ ಕಳೆದದ್ದು ಯಾವಾಗ. ಆಮೇಲೆ ಬರುವುದೇ ಬಹುಮುಖ್ಯ ಪ್ರಶ್ನೆ. ಕುಡಿಯದೇ ಇದ್ದ ಕಾಲ ಯಾವುದಾದರೂ ಇದೆಯೇ? ಅಯ್ಯಪ್ಪ ಮಾಲೆ ಹಾಕಿದ್ದ ದಿನಗಳೋ, ಶ್ರಾವಣ ಮಾಸವೋ, ಕಾಮಾಲೆಯಾಗಿ ಮಲಗಿದ್ದ ತಿಂಗಳುಗಳೋ? ಆಗ ಮನಸ್ಸು ಹೇಗಿತ್ತು? ಅದಕ್ಕೆ ಉತ್ತರ ಹೆಂಡತಿಯ ಬಳಿ ಇರುತ್ತದೆ, ಕೆಲವೊಮ್ಮೆ ಅಮ್ಮನ ಬಳಿ. ಮಾಲೆ ಹಾಕಿದ್ದಾಗಲೂ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದ, ಒಬ್ಬನೇ ಅಳುತ್ತಿದ್ದ ಎಂದರೆ ವೈದ್ಯರ ಪೆನ್ನು ಬೇರೆ ಔಷಧಿ ಬರೆಯುತ್ತದೆ. ಒಟ್ಟು ಅರ್ಧ ಗಂಟೆಯ ಕೆಲಸವಿದು. ಜನಜಂಗುಳಿಯ ಹೊರರೋಗಿ ವಿಭಾಗದಲ್ಲಿ ಆ ಅರ್ಧ ಗಂಟೆಯೇ ಸಿಗುವುದಿಲ್ಲವೆಂಬುದು ನಿಜವಾದ ಕೊರತೆ.

ಕೊರತೆ ಸಮಯದ್ದಷ್ಟೇ ಅಲ್ಲ. ಚಿಕಿತ್ಸೆ ಎರಡು ಬಾಗಿಲುಗಳಾಗಿ ಒಡೆದಿದೆ. ವ್ಯಸನಮುಕ್ತಿ ಕೇಂದ್ರಕ್ಕೆ ಹೋದರೆ ‘ಮಾನಸಿಕ ಕಾಯಿಲೆ ಇರುವವರನ್ನು ಸೇರಿಸಿಕೊಳ್ಳುವುದಿಲ್ಲ’ ಎನ್ನುತ್ತಾರೆ, ಖಿನ್ನತೆಗೆಂದು ಹೋದರೆ ‘ಮೊದಲು ಕುಡಿತ ಬಿಟ್ಟು ಬಾ’ ಎನ್ನುತ್ತಾರೆ. ಎರಡೂ ಕಾಯಿಲೆ ಇರುವವನು ಎರಡು ಬಾಗಿಲುಗಳ ನಡುವೆ ಅಲೆಯುತ್ತಾನೆ. ಎರಡಕ್ಕೂ ಒಟ್ಟಿಗೆ ಮದ್ದು ಕೊಟ್ಟರೆ ಏನಾಗುತ್ತದೆಂಬುದನ್ನು ಅಮೆರಿಕದ ಪೆನ್ಸಿಲ್ವೇನಿಯಾದ ಹೆಲೆನ್ ಪೆಟಿನಾಟಿ ತಂಡ 2010ರಲ್ಲಿ ತೋರಿಸಿದೆ. ಖಿನ್ನತೆಯೂ ಇದ್ದ 170 ಮದ್ಯಾವಲಂಬಿತರಿಗೆ 14 ವಾರ ಚಿಕಿತ್ಸೆ ನೀಡಲಾಯಿತು. ಖಿನ್ನತೆಗೆ ಸರ್ಟ್ರಲಿನ್, ಕುಡಿತದ ತುಡಿತಕ್ಕೆ ನಾಲ್‌ಟ್ರೆಕ್ಸೋನ್ ಎರಡನ್ನೂ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕುಡಿಯದೆ ಉಳಿದರು. ಯಾವುದಾದರೂ ಒಂದನ್ನೇ ಪಡೆದವರಲ್ಲಿ ಹಾಗೆ ಉಳಿದವರು ಕಾಲು ಭಾಗದ ಆಸುಪಾಸು. ಎರಡೂ ಔಷಧಿಗಳು ನಮ್ಮಲ್ಲಿ ಸಿಗುತ್ತವೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ–2017 ಮದ್ಯ ಹಾಗೂ ಮಾದಕವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ವ್ಯಸನಿಯನ್ನು ಬಾಗಿಲಿಂದ ವಾಪಸು ಕಳಿಸುವುದಕ್ಕೆ ಕಾನೂನಿನ ಆಸರೆಯಿಲ್ಲ.

ಮನೆಯವರು ಹತಾಶರಾಗಿ ಮಾಡುವ ಎರಡು ಕೆಲಸಗಳ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಊಟದಲ್ಲಿ ಗುಟ್ಟಾಗಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’ ಒಂದು. ಅದರಲ್ಲಿ ಮದ್ಯದ ಜೊತೆ ಸೇರಿದರೆ ತೀವ್ರ ತೊಂದರೆ ಕೊಡುವ ಡೈಸಲ್ಫಿರಾಂ ಎಂಬ ಔಷಧಿ ಇದ್ದರೆ, ತಿಳಿಯದೆ ಕುಡಿದವನಿಗೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಅದೇ ಔಷಧಿಯನ್ನು ಅವನಿಗೆ ತಿಳಿಸಿ, ಒಪ್ಪಿಗೆ ಪಡೆದು, ವೈದ್ಯರ ನಿಗಾದಲ್ಲಿ ಕೊಡಬಹುದು. ಎರಡನೆಯದು, ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸುವುದು. ದಿನವೂ ಹೆಚ್ಚು ಕುಡಿಯುವವನು ಹಠಾತ್ತನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡು–ಮೂರನೆಯ ದಿನ ದಿಕ್ಕುತಪ್ಪಿ ಇಲ್ಲದ್ದು ಕಾಣುವ ಸನ್ನಿ ಹಿಡಿಯಬಹುದು. ಆಗ ‘ದೆವ್ವ ಹಿಡಿದಿದೆ’ ಎಂದು ಕಾಲ ಕಳೆದವರು ಜೀವ ಕಳೆದುಕೊಂಡದ್ದುಂಟು.

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಮನೋವಿಜ್ಞಾನ ಈಗ ಅಷ್ಟಾಗಿ ಒಪ್ಪುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 2017ರಲ್ಲಿ 207 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಿಕಿತ್ಸೆಯಿಂದ ಸ್ವಭಾವವೂ ಅಳತೆಗೆ ಸಿಗುವಷ್ಟು ಬದಲಾಗುತ್ತದೆ, ಅದರಲ್ಲೂ ಕೊರಗುವ ಒಲವು ಎಲ್ಲಕ್ಕಿಂತ ಹೆಚ್ಚು ತಗ್ಗುತ್ತದೆ ಎಂಬುದು ಕಂಡುಬಂತು. ಇಪ್ಪತ್ತರ ಹರೆಯದಿಂದ ಮೂವತ್ತರ ಹರೆಯಕ್ಕೆ ಬರುವಾಗ ದುಡುಕು ತಗ್ಗಿದವರಲ್ಲಿ ಕುಡಿತದ ಸಮಸ್ಯೆಯೂ ತಗ್ಗುತ್ತದೆಂದು ಬೇರೆ ಅಧ್ಯಯನಗಳು ಹೇಳಿವೆ. ಆದ್ದರಿಂದ ದಾಖಲಾದ ಮೊದಲ ವಾರದಲ್ಲೇ ‘ವ್ಯಕ್ತಿತ್ವ ದೋಷ’ ಎಂದು ಕೇಸ್ ಶೀಟಿನಲ್ಲಿ ಬರೆದುಬಿಡುವುದು ಅನ್ಯಾಯ. ಆ ವಾರದಲ್ಲಿ ಕಾಣುವವನು ಅರ್ಧ ಅವನು, ಅರ್ಧ ಮದ್ಯ. ಹಾಗೆ ಒಮ್ಮೆ ಬರೆದದ್ದು ಮುಂದಿನ ಪ್ರತಿ ದಾಖಲಾತಿಯಲ್ಲೂ ಅವನ ಹಿಂದೆ ಬರುತ್ತದೆ.

ಹೆಂಗಸರ ಬಗ್ಗೆ ಮಾತೇ ಆಡುವುದಿಲ್ಲ ನಾವು. ಕುಡಿಯುವ ಹೆಂಗಸರ ಸಂಖ್ಯೆ ಕಡಿಮೆ, ನಿಜ. ಆದರೆ ಅವರಲ್ಲಿ ಖಿನ್ನತೆ ಅಥವಾ ಆತಂಕ ಮೊದಲು ಬಂದು ಕುಡಿತ ಆಮೇಲೆ ಬಂದಿರುವುದು ಗಂಡಸರಿಗಿಂತ ಹೆಚ್ಚು. ಕಡಿಮೆ ಪ್ರಮಾಣದಲ್ಲೇ ಅವರ ದೇಹಕ್ಕೆ ಹೆಚ್ಚು ಹಾನಿಯಾಗುತ್ತದೆ. ಗಂಡಸು ಕುಡಿದರೆ ಚಟ, ಹೆಂಗಸು ಕುಡಿದರೆ ನಡತೆಗೇಡು ಎಂಬ ತೀರ್ಪಿಗೆ ಹೆದರಿ ಅವರು ಆಸ್ಪತ್ರೆಗೆ ಬರುವುದೇ ಇಲ್ಲ.

ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಕುಡಿತ ನಿಲ್ಲಲಿಲ್ಲ, ಅಗ್ಗದ ವಿಸ್ಕಿ, ಬ್ರಾಂದಿಗಳಿಗೆ ಹೊರಳಿತು. ಈಗ ರಾಜ್ಯಕ್ಕೆ ಅಬಕಾರಿಯಿಂದ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಆದಾಯವಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಊರೂರುಗಳಲ್ಲಿ ನಡೆಯುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು, ಅವುಗಳ ನಂತರದ ನವಜೀವನ ಸಮಿತಿಗಳು ಆಸ್ಪತ್ರೆಯ ಮುಖ ನೋಡದ ಸಾವಿರಾರು ಜನರನ್ನು ತಲುಪಿವೆ, ಅದು ಸಣ್ಣ ಸಾಧನೆಯಲ್ಲ. ಆದರೆ ಎಂಟನೆಯ ದಿನ ಖಿನ್ನತೆ ಸ್ವತಂತ್ರವೋ ಅಲ್ಲವೋ ಗೊತ್ತಾಗುವುದಿಲ್ಲ. ಅದಕ್ಕೆ ನಾಲ್ಕನೆಯ ವಾರ ಅದೇ ಮನುಷ್ಯನನ್ನು ಮತ್ತೆ ನೋಡುವ ಏರ್ಪಾಡು ಬೇಕು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆ ಈಗಾಗಲೇ ಇದೆ. ಶಿಬಿರದಿಂದ ಹೊರಬಂದವರಿಗೆ, ವ್ಯಸನಮುಕ್ತಿ ಕೇಂದ್ರದಿಂದ ಬಿಡುಗಡೆಯಾದವರಿಗೆ ಆ ಮಂಗಳವಾರದ ಚೀಟಿಯನ್ನು ಕೈಗೆ ಕೊಟ್ಟು ಕಳಿಸಬಹುದು. ನೆರೆಯ ಗೋವಾದಲ್ಲಿ ಸಂಗತ್ ಸಂಸ್ಥೆ ವೈದ್ಯರಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೆಚ್ಚು ಕುಡಿಯುವ ಗಂಡಸರ ಜೊತೆ ಕೆಲವೇ ಬಾರಿ ಆಪ್ತಸಮಾಲೋಚನೆ ನಡೆಸಿತು. ಮೂರು ತಿಂಗಳ ನಂತರ ಅವರಲ್ಲಿ ಶೇ 36ರಷ್ಟು ಮಂದಿ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು. ಎಂದಿನ ಆರೈಕೆಯಷ್ಟೇ ಪಡೆದವರಲ್ಲಿ ಅದು ಶೇ 26. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಸರಳ ಪಟ್ಟಿಯಿಂದ ಕುಡಿತದ ಮಟ್ಟವನ್ನು ಅಳೆಯಲು ನಮ್ಮ ಆರೋಗ್ಯ ಕಾರ್ಯಕರ್ತೆಯರೂ ಕಲಿಯಬಲ್ಲರು. ಅದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳಿಸಬೇಕು: ಕುಡಿಯದೇ ಇದ್ದ ದಿನಗಳಲ್ಲಿ ಮನಸ್ಸು ಹೇಗಿರುತ್ತಿತ್ತು, ಸಾಯಬೇಕೆಂದು ಎಂದಾದರೂ ಅನ್ನಿಸಿದೆಯೇ. ಉತ್ತರವನ್ನು ಬರೆದುಕೊಂಡು ಮಂಗಳವಾರದ ವೈದ್ಯರ ಮೇಜಿಗೆ ತಲುಪಿಸಬೇಕು.